ಕೆಂಪು ದಾರ ಕತ್ತರಿಸುವವಳು

ಜನವರಿ ೯

ಗುಂಡಿ,

ಫೋನು ಬಿಟ್ಟು ಕಾಗದ ಬರೆದಿದ್ದಾನಲ್ಲ, ಮಾವನಿಗೆ ತಲೆಗಿಲೆ ಕೆಟ್ಟಿತೇ ಎಂದು ಗಾಬರಿಯಾಗಬೇಡ. ಫೋನು ಹಿಡಿದರೆ ನಿನ್ನ ಅತ್ತೆ ಪಕ್ಕದಲ್ಲೇ ಬಂದು ನಿಲ್ಲುತ್ತಾಳೆ. ನಾನು ಎರಡು ಮಾತಾಡುವಷ್ಟರಲ್ಲಿ ಕಿತ್ತುಕೊಂಡು, "ನಾನು ಚೆನ್ನಾಗಿದ್ದೀನಿ ಕಣೇ, ನೀನು ಹೊತ್ತಿಗೆ ಸರಿಯಾಗಿ ತಿಂತಿದ್ದೀಯಾ?" ಎಂದು ಕೇಳಿ ಇಟ್ಟುಬಿಡುತ್ತಾಳೆ. ಅವಳು ಚೆನ್ನಾಗಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಹೊಟ್ಟೆಯ ಗಡ್ಡೆ ಮತ್ತೆ ಬಂದಿದೆ. ಆಪರೇಷನ್ ಮಾಡಿ, ಡ್ರಿಪ್ ಹಾಕಿ ಹಾಕಿ, ತಲೆಗೂದಲೆಲ್ಲ ಉದುರಿಸಿ, ಇನ್ನೇನೂ ಭಯವಿಲ್ಲ ಎಂದಿದ್ದರಲ್ಲ, ಅದೇ ಗಡ್ಡೆ. ಈಗ ಅದೇ ಡ್ರಿಪ್ ಹಾಕಿದರೆ ಕ್ಯಾರೇ ಅನ್ನುತ್ತಿಲ್ಲವಂತೆ. ಡಾಕ್ಟರಮ್ಮ ಒಂದು ಹೊಸ ಮಾತ್ರೆಯ ವಿಷಯ ತೆಗೆದರು. ಇನ್ನೂ ಪರೀಕ್ಷೆಯಲ್ಲಿರುವ ಔಷಧಿ. ಒಪ್ಪಿದವರಿಗೆ ಮಾತ್ರ, ಡ್ರಿಪ್ಪಿನ ಜೊತೆಗೆ ಕೊಡುತ್ತಾರೆ. ಯಾವುದೋ ಎಂಜೈಮಿನ ಕೈ ಕಟ್ಟಿಹಾಕುತ್ತದಂತೆ. ಅದರ ಹೆಸರನ್ನೂ ಹೇಳಿದರು. "ಡಿಯುಬಿ" ಎಂದು ಶುರುವಾಗುತ್ತದೆ, ಮುಗಿಯುವಷ್ಟರಲ್ಲಿ ನನ್ನ ಹಲ್ಲಿನ ಸೆಟ್ಟು ಕೈಗೆ ಬಂದಿರುತ್ತದೆ. ಆದರೆ ಕೇಳಿದ ಕೂಡಲೇ ಕಿವಿ ನೆಟ್ಟಗಾಯಿತು. ನೀನು ಇಷ್ಟು ವರ್ಷ ಗಾಜಿನ ತಟ್ಟೆಗಳ ಮುಂದೆ ಕೂತು ತಲೆ ಕೆಡಿಸಿಕೊಂಡಿರುವುದು ಇದರ ಮೇಲೇ ಅಲ್ಲವೇ? "ನಮ್ಮ ಹುಡುಗಿ ಇದರಲ್ಲೇ ಓದಿ ದೊಡ್ಡೋಳಾಗಿದ್ದಾಳೆ" ಎಂದು ಡಾಕ್ಟರಮ್ಮನ ಮುಂದೆ ಕೊಚ್ಚಿಕೊಂಡೂ ಬಿಟ್ಟೆ. ಅವರು ನಕ್ಕರು. ನಿನ್ನ ಅತ್ತೆ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದಳು.

ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಇವಳನ್ನು ಕೇಳಿದರೆ, "ಗುಂಡಿ ಏನಂತಾಳೋ ಹಾಗೆ" ಎನ್ನುತ್ತಾಳೆ. ಆದರೆ ನಿನ್ನನ್ನು ಕೇಳಲು ಮಾತ್ರ ಬಿಡುವುದಿಲ್ಲ. ಇದೆಂಥ ನ್ಯಾಯ ನೋಡು.

ಅಂಗಡಿಯಲ್ಲಿ ಕೆಲಸ ಕಡಿಮೆ. ಈಗ ಯಾರು ಕೋಟಿಗೆ ರಫೂ ಹಾಕಿಸುತ್ತಾರೆ? ಹರಿದರೆ ಬಿಸಾಕಿ ಹೊಸದು ತರುತ್ತಾರೆ. ನಿನ್ನೆ ಕಪಾಟು ಜಾಡಿಸುವಾಗ ಹಳೆಯ ಗುಂಡಿಗಳ ಡಬ್ಬ ಸಿಕ್ಕಿತು. ನನ್ನ ತಂಗಿ ತೀರಿಕೊಂಡ ವಾರ ನಿನ್ನನ್ನು ಇಲ್ಲಿಗೆ ಕರೆತಂದಾಗ ನಿನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಅತ್ತೆ ಆ ಡಬ್ಬವನ್ನೇ ನಿನ್ನ ಮುಂದೆ ಸುರಿದಳು. ನೀನು ಸಂಜೆಯವರೆಗೂ ಬಣ್ಣ ಬಣ್ಣವಾಗಿ ಬೇರೆ ಮಾಡಿ, ಕೊನೆಗೆ, "ಇದಕ್ಕೆ ಜೋಡಿ ಇಲ್ಲ" ಎಂದು ಒಂದನ್ನು ಎತ್ತಿ ತೋರಿಸಿದೆ. ಆವತ್ತಿನಿಂದಲೇ ನಿನಗೆ ಆ ಹೆಸರು. ಡಬ್ಬವನ್ನು ಹಾಗೇ ಒಳಗಿಟ್ಟೆ.

ಆ ಮಾತ್ರೆ ಏನು ಮಾಡುತ್ತದೆ ಎಂದು ನನ್ನಂಥವನಿಗೂ ಅರ್ಥವಾಗುವಂತೆ ಬರಿ. ತಡ ಮಾಡಬೇಡ.

ನಿನ್ನ ಮಾವ

*

ಜನವರಿ ೧೪

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅತ್ತೆ ಮೊನ್ನೆ ಫೋನಿನಲ್ಲಿ ಕೆಮ್ಮಿದಾಗಲೇ ನನಗೆ ಅನುಮಾನ ಬಂದಿತ್ತು. ಕೇಳಿದ್ದಕ್ಕೆ, "ನೂಲಿನ ಧೂಳು ಕಣೇ" ಎಂದಳು. ನಾನು ನಂಬಿದ ಹಾಗೆ ಮಾಡಿದೆ. ನಮ್ಮ ಮನೆಯವರೆಲ್ಲ ಇದರಲ್ಲಿ ಪಳಗಿದವರು.

ನೀವು ಕೇಳಿದ್ದನ್ನು ಹೇಳುತ್ತೇನೆ. ಕಣ್ಣು ಮುಚ್ಚಿ ನಮ್ಮ ಅಂಗಡಿಯನ್ನು ನೆನೆಸಿಕೊಂಡರೆ ಸಾಕು. ನಾನು ಇಲ್ಲಿ ಹುಡುಗರಿಗೆ ಪಾಠ ಹೇಳುವುದೂ ಹಾಗೆಯೇ. ಅವರು ನಮ್ಮ ಅಂಗಡಿಯನ್ನು ನೋಡಿಲ್ಲ, ಆದರೆ ಉದ್ದನೆಯ ಮೇಜು, ಉಸ್ಸೆಂದು ಹಬೆ ಬಿಡುವ ಇಸ್ತ್ರಿ, ಹಿಂದಿನ ಗೋಡೆಗೆ ಸಾಲಾಗಿ ನೇತುಹಾಕಿದ ಕೋಟುಗಳು, ಎಲ್ಲವೂ ಅವರಿಗೆ ಬಾಯಿಪಾಠ.

ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಅದು ದಿನವೂ ಅಲ್ಲಿ ಇಲ್ಲಿ ಹರಿಯುತ್ತದೆ. ಹರಿದದ್ದನ್ನು ಹೊಲಿಯಲು ಪ್ರೋಟೀನುಗಳಿವೆ, ರಫೂ ಕೆಲಸದವರು ಎನ್ನಿ. ಈ ಕೆಲಸದವರಿಗೆ ವಯಸ್ಸಾದರೆ, ಅಥವಾ ಇನ್ನು ಬೇಡವೆನಿಸಿದರೆ, ಜೀವಕೋಶ ಅವರಿಗೊಂದು ಗುರುತು ಅಂಟಿಸುತ್ತದೆ. ಅದರ ಹೆಸರು ಯುಬಿಕ್ವಿಟಿನ್. ಗುರುತು ಬಿದ್ದವರನ್ನು ಎಳೆದುಕೊಂಡು ಹೋಗಿ ಚೂರು ಚೂರು ಮಾಡಿಬಿಡುತ್ತಾರೆ.

ನೀವು ಕೆಂಪು ದಾರ ಕಟ್ಟುತ್ತಿದ್ದಿರಲ್ಲ, ಅದೇ ಇದು. ಯಾವ ಕೋಟು ಇನ್ನು ರಿಪೇರಿಯಾಗದೋ ಅದರ ಎರಡನೇ ಕಾಜದಲ್ಲಿ ಕೆಂಪು ದಾರ ಪೋಣಿಸಿ ಗಂಟು ಹಾಕುತ್ತಿದ್ದಿರಿ. ದಾರ ಬಿತ್ತೆಂದರೆ ಕತೆ ಮುಗಿಯಿತು, ಚಿಂದಿ ಚೀಲಕ್ಕೆ. ಮಧ್ಯಾಹ್ನ ನೀವು ಬಟ್ಟೆ ತಲುಪಿಸಲು ಹೊರಟ ಮೇಲೆ ಅತ್ತೆ ಏನು ಮಾಡುತ್ತಿದ್ದಳು? ಕನ್ನಡಕ ಮೂಗಿಗೇರಿಸಿ, ಚಿಕ್ಕ ಕತ್ತರಿ ತೆಗೆದು, ಒಂದೊಂದೇ ಕೋಟಿನ ಮುಂದೆ ನಿಂತು, "ಇದಕ್ಕೇನಾಗಿದೆ ರೋಗ? ಇನ್ನೂ ಜೀವ ಇದೆ" ಎಂದು ದಾರ ಕಚಕ್ ಎನ್ನಿಸುತ್ತಿದ್ದಳು. ಆಮೇಲೆ ಕೂತು ಹೊಲಿಯುತ್ತಿದ್ದಳು. ನಿಮಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ, "ಅರೆ, ಇದು ಹೇಗೆ ಸರಿ ಹೋಯ್ತು?" ಎಂದು ಕೋಟನ್ನು ಬೆಳಕಿಗೆ ಹಿಡಿಯುತ್ತಿದ್ದಿರಿ.

ನಾನು ಓದುತ್ತಿರುವ ಎಂಜೈಮು ಆ ಕೆಲಸವನ್ನೇ ಮಾಡುತ್ತದೆ. ಅಂಟಿಸಿದ ಗುರುತನ್ನು ಕತ್ತರಿಸಿ, ಕೆಲಸದವನನ್ನು ಬಿಡಿಸಿ, "ಹೋಗು, ಹೊಲಿ" ಎಂದು ವಾಪಸು ಕಳಿಸುತ್ತದೆ. ಮಾವ, ಅದು ನಮ್ಮ ಅತ್ತೆಯೇ! ಮೊದಲ ಸಲ ಇದನ್ನು ಪುಸ್ತಕದಲ್ಲಿ ಓದಿದಾಗ ಲೈಬ್ರರಿಯಲ್ಲಿ ಒಬ್ಬಳೇ ನಕ್ಕುಬಿಟ್ಟಿದ್ದೆ. ಅದಕ್ಕೇ ಈ ವಿಷಯ ಹಿಡಿದೆ. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಹೊಸ ಮಾತ್ರೆ ಈ ಕತ್ತರಿ ಹಿಡಿದ ಕೈಯನ್ನು ಕಟ್ಟಿಹಾಕುತ್ತದೆ. ಆಗ ಡ್ರಿಪ್ಪಿನ ಏಟು ಗಡ್ಡೆಗೆ ತಾಗುತ್ತದೆ ಎಂಬ ಲೆಕ್ಕಾಚಾರ. ಆದರೆ ತೊಗೊಳ್ಳಿ, ಬೇಡ ಎಂದು ನಾನು ಹೇಳುವಂತಿಲ್ಲ. ನಾನು ನೋಡಿರುವುದು ಗಾಜಿನ ತಟ್ಟೆಯಲ್ಲಿ ಬೆಳೆದ ಜೀವಕೋಶಗಳನ್ನು, ಮನುಷ್ಯರನ್ನಲ್ಲ. ಡಾಕ್ಟರಮ್ಮನನ್ನೇ ಕೇಳಿ ತೀರ್ಮಾನಿಸಿ.

ಅತ್ತೆಗೆ ನನ್ನ ಮುತ್ತು.

ನಿಮ್ಮ ಗುಂಡಿ

*

ಜನವರಿ ೨೦

ಗುಂಡಿ,

ನಿನ್ನ ಕಾಗದ ಬಂತು. ಓದಿ ಹಿರಿಹಿರಿ ಹಿಗ್ಗಿದೆ. ಹಿಗ್ಗಿದ್ದೇ ತಪ್ಪಾಯಿತು. ಬಾಯಿ ಮುಚ್ಚಿಕೊಂಡು ಜೇಬಿಗಿಳಿಸುವುದು ಬಿಟ್ಟು, ಅವಳನ್ನು ಕೂರಿಸಿ ಗಟ್ಟಿಯಾಗಿ ಓದಿ ಹೇಳಿದೆ.

"ಅದು ನಮ್ಮ ಅತ್ತೆಯೇ" ಎನ್ನುವಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ಓದಿ" ಎಂದಳು. ಓದಿದೆ. ಹಾಗೇ ಮುಂದೆ ಓದುತ್ತಾ ಮಾತ್ರೆಯ ಸಾಲಿಗೆ ಬಂದೆ. ಅಷ್ಟೇ, ಅವಳ ಮುಖ ಬದಲಾಯಿತು.

"ಅಂದ್ರೆ, ಈ ಮಾತ್ರೆ ನುಂಗಿದ್ರೆ ನನ್ನೊಳಗೆ ರಫೂ ಮಾಡಿಸೋಳ ಕೈ ಕಟ್ಟಿದ ಹಾಗಾಯ್ತು, ಅಲ್ವಾ?"

"ಹಾಗೇ ಅಂತ ಕಾಣುತ್ತೆ" ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

"ಇಷ್ಟು ವರ್ಷ ನೀವು ದಾರ ಕಟ್ಟಿದ್ರಿ, ನಾನು ಕತ್ತರಿಸ್ದೆ. ಈಗ ನನ್ನ ಕೈಯನ್ನ ನಾನೇ ಕಟ್ಟಿಸ್ಕೊಳ್ಳಾ? ನನಗೆ ಬೇಡ ಆ ಮಾತ್ರೆ."

ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯುವುದಕ್ಕೆ ನಿಂತಳು. ನಾನು ಎಷ್ಟು ಗೋಗರೆದರೂ ತಿರುಗಿ ನೋಡಲಿಲ್ಲ. ಆವತ್ತಿನಿಂದ ಬಾಗಿಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಾಳೆ, "ನಮ್ಮ ಹುಡುಗಿ ನನ್ನ ಮೇಲೇ ಓದಿರೋದಂತೆ!" ಎಂದು. ಹೆಮ್ಮೆ ಅಂದರೆ ಹೆಮ್ಮೆ. ಆ ಹೆಮ್ಮೆಯೇ ಈಗ ಅವಳ ಜೀವಕ್ಕೆ ಕುತ್ತು ತಂದಿದೆ.

ಅಲ್ಲ ಕಣೇ, ಇಷ್ಟು ಓದಿದವಳು ನೀನು, ಉಪಮೆ ಕೊಡಲು ನಿನಗೆ ಬೇರೆ ಅಂಗಡಿ ಸಿಗಲಿಲ್ಲವೇ? ಕೊನೆಗೆ ಬೇರೆ, ಹೇಳುವಂತಿಲ್ಲ, ಡಾಕ್ಟರಮ್ಮನನ್ನು ಕೇಳಿ ಎಂದು ನುಣುಚಿಕೊಂಡಿದ್ದೀಯ. ನನಗೆ ಬೇಕಾಗಿದ್ದುದು ಲ್ಯಾಬಿನ ಮಾತಲ್ಲ, ನಿನ್ನ ಮಾತು. ನನ್ನ ಕೈಲಿ ಇನ್ನು ಆಗುವುದಿಲ್ಲ. ನಾನು ಕೆಂಪು ದಾರದವನು, ನಾನು ಏನು ಹೇಳಿದರೂ ಅವಳು ಉಲ್ಟಾನೇ ಮಾಡುವುದು. ಅವಳಿಗೇ ನೇರವಾಗಿ ಬರಿ. ನೀನು ಕೆಡಿಸಿದ್ದನ್ನು ನೀನೇ ಸರಿ ಮಾಡು.

ಕೋಪದಲ್ಲಿ ಬರೆದಿದ್ದೇನೆ. ಹರಿದು ಇನ್ನೊಂದು ಬರೆಯುವಷ್ಟು ತಾಳ್ಮೆ ಇಲ್ಲ. ಅವಳಿಲ್ಲದ ಮನೆಯಲ್ಲಿ ನಾನು ಇರಲಾರೆ ಗುಂಡಿ.

ಮಾವ

*

ಜನವರಿ ೨೩

ಅತ್ತೆ,

ಇದನ್ನು ಮಾವನ ಕೈಗೆ ಕೊಡಬೇಡ. ನೀನೇ ಓದು, ಮೇಜಿನ ಹತ್ತಿರ ಬೆಳಕಿರುವ ಕಡೆ ಕೂತು ಓದು. ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯು.

ನಾನು ಅರ್ಧ ಕತೆಯನ್ನು ಚೆಂದ ಮಾಡಿ ಹೇಳಿ, ಉಳಿದರ್ಧವನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆ. ನಿನ್ನ ಬಗ್ಗೆ ಬರೆಯುವುದೆಂದರೆ ಖುಷಿ. ಖುಷಿಯಲ್ಲಿ ಮುಖ್ಯವಾದದ್ದೇ ಕೈಬಿಟ್ಟುಹೋಯಿತು. ಈಗ ಅದನ್ನು ಹೇಳಬೇಕಾದರೆ ನಾವಿಬ್ಬರೂ ಯಾವತ್ತೂ ಬಾಯಿಬಿಟ್ಟು ಮಾತಾಡದ ಒಂದು ವಿಷಯ ಎತ್ತಬೇಕು. ಅಮ್ಮನ ಹಸಿರು ಕೋಟು.

ಅಮ್ಮ ಹೋದ ಮೇಲೆ ಅವಳ ಸಾಮಾನಿನ ಜೊತೆ ಅದೂ ಅಂಗಡಿಗೆ ಬಂತು. ದೊಡ್ಡ ಕಾಲರು, ಬೆನ್ನಿನ ಮೇಲೆ ಸಣ್ಣ ಸಣ್ಣ ತೂತು. ಮಾವ ಒಂದು ಸಲ ತಿರುಗಿಸಿ ನೋಡಿ, ಕಾಜಕ್ಕೆ ಕೆಂಪು ದಾರ ಕಟ್ಟಿದರು. ನೀನು ಮಾರನೇ ದಿನ ಅದನ್ನು ಕತ್ತರಿಸಿ, ಕೋಟನ್ನು ಸಾಲಿನ ಕೊನೆಯಲ್ಲಿ, ಬೇರೆಯವರ ಕೋಟುಗಳ ಹಿಂದೆ ನೇತುಹಾಕಿದೆ. ನಾನು ಸ್ಕೂಲಿನಿಂದ ಬಂದವಳೇ ಅಲ್ಲಿಗೆ ನುಗ್ಗುತ್ತಿದ್ದೆ. ಬಲಗಡೆಯ ಜೇಬಿಗೆ ಕೈ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಿದ್ದೆ. ಆ ಜೇಬು ಎಷ್ಟು ದೊಡ್ಡದು ಅನಿಸುತ್ತಿತ್ತು! ಕೈ ಹಾಕಿದರೆ ಮೊಣಕೈವರೆಗೂ ಒಳಗೆ. ನೀನು ಇಸ್ತ್ರಿ ಮಾಡುತ್ತಾ ಬೆನ್ನು ಹಾಕಿಕೊಂಡೇ ಇರುತ್ತಿದ್ದೆ. ನನ್ನನ್ನು ನೋಡಬಾರದೆಂದೇ ನೀನು ಹಾಗೆ ನಿಲ್ಲುತ್ತಿದ್ದೆ ಎಂದು ನನಗೆ ಗೊತ್ತಾಗಿದ್ದು ದೊಡ್ಡವಳಾದ ಮೇಲೆ.

ಆ ಕೋಟಿನಲ್ಲಿ ಹುಳು ಇತ್ತು ಅತ್ತೆ. ಚಳಿಗಾಲ ಕಳೆಯುವಷ್ಟರಲ್ಲಿ ಸಾಲಿನ ಕೋಟುಗಳಿಗೆಲ್ಲ ಹತ್ತಿತು. ನೀನು ಎಷ್ಟು ನುಸಿಗುಳಿಗೆ ಹಾಕಿದರೂ ಬಗ್ಗಲಿಲ್ಲ. ಊರವರ ಬಟ್ಟೆಯೆಲ್ಲ ಜರಡಿಯಾಯಿತು. ಕೊನೆಗೆ ಮಾವ ಅದನ್ನು ಹಿತ್ತಲಿಗೆ ಒಯ್ದು ಸುಟ್ಟರು. ನಾನು ಮೆಟ್ಟಿಲ ಕಿಟಕಿಯಿಂದ ನೋಡಿದೆ. ನೀನು ಮಾವನ ಜೊತೆ ಮಾತು ಬಿಟ್ಟೆ.

ನಿನ್ನ ಗಡ್ಡೆಯೂ ಹುಳು ಬಿದ್ದ ಕೋಟೇ. ಡ್ರಿಪ್ಪಿನ ಔಷಧಿ ಅದರ ಡಿಎನ್‌ಎ ಎಳೆಯನ್ನು ಹರಿಯುತ್ತದೆ. ಹರಿದರೆ ಗಡ್ಡೆ ಸಾಯಬೇಕು. ಆದರೆ ಗಡ್ಡೆಯೊಳಗೂ ಒಬ್ಬಳು ದಾರ ಕತ್ತರಿಸುವವಳಿದ್ದಾಳೆ. ಅವಳಿಗೆ ಒಳ್ಳೆಯ ಕೋಟು ಯಾವುದು, ಹುಳು ಬಿದ್ದದ್ದು ಯಾವುದು ಗೊತ್ತಿಲ್ಲ, ಕತ್ತರಿಸುವುದೊಂದೇ ಗೊತ್ತು. ಚೂರಾಗಬೇಕಾದ ರಫೂ ಕೆಲಸದವರನ್ನೆಲ್ಲ ಬಿಡಿಸಿ ಬಿಡಿಸಿ ಗಡ್ಡೆಗೆ ಹೊಲಿಗೆ ಹಾಕಿಸುತ್ತಿದ್ದಾಳೆ. ಅದಕ್ಕೇ ಡ್ರಿಪ್ಪು ನಾಟುತ್ತಿಲ್ಲ.

ಮಾತ್ರೆ ಒಳ್ಳೆಯ ಜೀವಕೋಶದಲ್ಲೂ ಅವಳ ಕೈ ಕಟ್ಟುತ್ತದಲ್ಲ ಎಂದು ನೀನು ಕೇಳುತ್ತೀಯ. ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಸುಸ್ತಾಗಬಹುದು, ರಕ್ತ ಕಡಿಮೆಯಾಗಬಹುದು. ಆದರೆ ಒಳ್ಳೆಯ ಜೀವಕೋಶಕ್ಕೆ ಹೊಲಿಯುವ ಬೇರೆ ದಾರಿಗಳಿವೆ. ನಿನ್ನಂಥ ಗಡ್ಡೆಯಲ್ಲಿ ಉಳಿದ ದಾರಿಗಳು ಮೊದಲೇ ಕೆಟ್ಟಿವೆ, ಅದು ಇವಳೊಬ್ಬಳನ್ನೇ ನೆಚ್ಚಿಕೊಂಡಿದೆ. ಡಾಕ್ಟರಮ್ಮ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿರುತ್ತಾರಲ್ಲ, ಅದು ಇದನ್ನೇ ನೋಡಲು.

ಕೆಲಸ ಮಾಡಿಯೇ ತೀರುತ್ತದೆ ಎಂದು ಯಾರೂ ಹೇಳಲಾರರು. ಮಾವನಿಗೆ ನುಣುಚಿಕೊಂಡ ಹಾಗೆ ನಿನ್ನ ಹತ್ತಿರ ನುಣುಚಿಕೊಳ್ಳುವುದಿಲ್ಲ. ಮಾತ್ರೆ ತೊಗೋ ಅತ್ತೆ. ಇದು ಲ್ಯಾಬಿನವಳ ಮಾತಲ್ಲ. ನನಗೆ ಇನ್ನೊಬ್ಬ ಅಮ್ಮನನ್ನು ಕಳೆದುಕೊಳ್ಳುವ ಶಕ್ತಿ ಇಲ್ಲ.

ನಿನ್ನ ಗುಂಡಿ

*

ಫೆಬ್ರವರಿ ೨

ಗುಂಡಿ,

ನನಗೆ ನಿನ್ನಷ್ಟು ಉದ್ದ ಬರೆಯಲು ಬರುವುದಿಲ್ಲ. ಡ್ರಿಪ್ಪಿನ ದೆಸೆಯಿಂದ ಬೆರಳ ತುದಿ ಜೋಮು ಹಿಡಿದಿದೆ, ಅಕ್ಷರ ಕಾಗೆ ಕಾಲಾಗಿದ್ದರೆ ಸುಧಾರಿಸಿಕೋ.

ಮೆಟ್ಟಿಲ ಕಿಟಕಿಯಲ್ಲಿ ನೀನಿದ್ದದ್ದು ನನಗೆ ಗೊತ್ತಿತ್ತು. ಕೆಳಗೆ ಬಾ ಎಂದು ಕರೆಯುವ ಧೈರ್ಯ ಬರಲಿಲ್ಲ. ಆಮೇಲೆ ನೀನು ಅದರ ಮಾತೇ ಎತ್ತಲಿಲ್ಲ. ನಾನೂ ಸುಮ್ಮನಾದೆ. ಮರೆತಿದ್ದೀಯ ಎಂದುಕೊಂಡಿದ್ದೆ, ದಡ್ಡಿ ನಾನು.

ಆ ಕೋಟಿನ ದಾರ ಕತ್ತರಿಸಿದ್ದು ತಪ್ಪು ಎಂದು ನನ್ನ ಬಾಯಲ್ಲಿ ಹೇಳಿಸಬೇಡ. ಹುಳು ಇರುವುದು ಆವತ್ತೇ ಕಣ್ಣಿಗೆ ಬಿದ್ದಿತ್ತು. ನಿನ್ನ ಮಾವನಿಗಿಂತ ಮೊದಲು ಬಿದ್ದಿತ್ತು. ಆದರೂ ಕತ್ತರಿಸಿದೆ. ಒಂದು ಮಗು ಅದರ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿತ್ತು, ನಾನೇನು ಮಾಡಲಿ? ಈಗಲೂ ಅಷ್ಟೇ, ಹಾಗೇ ಕತ್ತರಿಸುತ್ತೇನೆ.

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ಅಮ್ಮನ ಕೋಟನ್ನೂ ನನ್ನ ಗಡ್ಡೆಯನ್ನೂ ಒಂದೇ ತಕ್ಕಡಿಗೆ ಹಾಕಿದಳಲ್ಲ ಎಂದು. ಆಮೇಲೆ ಇಸ್ತ್ರಿ ಮಾಡುತ್ತಾ ಯೋಚಿಸಿದೆ. ಈ ಗಡ್ಡೆಯ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತ ಮಗು ಯಾವುದೂ ಇಲ್ಲ. ಮತ್ತೆ ನಾನ್ಯಾಕೆ ಅದಕ್ಕೆ ಕನಿಕರ ತೋರಿಸಲಿ?

ಒಪ್ಪಿ ಸಹಿ ಹಾಕಿದೆ. ಮಾತ್ರೆ ಶುರುವಾಗಿದೆ. ದಪ್ಪಗೆ, ಕಂದು ಬಣ್ಣ, ನುಂಗುವಾಗ ಗಂಟಲಲ್ಲಿ ಅಡ್ಡಡ್ಡ ನಿಲ್ಲುತ್ತದೆ. ಕೋಟಿನ ಗುಂಡಿ ನುಂಗಿದ ಹಾಗೆ.

ನಿನ್ನ ಮಾವ ಸರಿ ಮಾಡಿದ್ದರು ಎಂದು ನಾನು ಒಪ್ಪಿಕೊಂಡೆ ಅಂತ ಅವರಿಗೆ ಹೇಳಿದರೆ ನೋಡು! ಆಮೇಲೆ ಹಿಡಿಯುವವರಿಲ್ಲ. ಮನಸ್ಸು ಮಾತ್ರ ಕಲ್ಲೇ ಅವರದು. ಸುಡುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಸ್ವಂತ ತಂಗಿಯ ಕೋಟು.

ಇನ್ನೊಬ್ಬ ಅಮ್ಮ ಎಂದು ಬರೆದಿದ್ದೀಯ. ಯಾವತ್ತೂ ಅಂದಿರಲಿಲ್ಲ ನೀನು.

ಹೊತ್ತಿಗೆ ಸರಿಯಾಗಿ ತಿನ್ನು.

ಅತ್ತೆ

*

ಮೇ ೧೭

ಗುಂಡಿ,

ಮೊದಲು ವಿಷಯ, ಆಮೇಲೆ ಪುರಾಣ. ಸ್ಕ್ಯಾನ್ ಆಯಿತು. ಗಡ್ಡೆ ಕುಗ್ಗಿದೆ. ಪೂರ್ತಿ ಹೋಗಿಲ್ಲ, ಆದರೆ ಕುಗ್ಗಿದೆ. ಡಾಕ್ಟರಮ್ಮ ಎರಡೂ ಫೋಟೋ ಅಕ್ಕಪಕ್ಕ ಇಟ್ಟು ಬೆರಳಿನಿಂದ ತೋರಿಸಿದರು. ನನಗೆ ಏನೂ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ನಿನ್ನ ಅತ್ತೆ ಕನ್ನಡಕ ಏರಿಸಿ, ಬಟ್ಟೆ ನೋಡುವ ಹಾಗೆ ನೋಡಿ, "ಅಂಚು ಬಿಟ್ಕೊಂಡಿದೆ" ಎಂದಳು. ಮುಂದೆ ಹೇಗೋ ಯಾರಿಗೂ ಗೊತ್ತಿಲ್ಲ. ಮಾರ್ಚಿನಲ್ಲಿ ರಕ್ತ ಕಡಿಮೆಯಾಗಿ ಮಾತ್ರೆ ನಿಲ್ಲಿಸಿದಾಗ ನಾನು ಅರ್ಧ ಸತ್ತಿದ್ದೆ. ಈಗ ಮತ್ತೆ ನಡೆಯುತ್ತಿದೆ.

ಅವಳಿಗೆ ಸೂಜಿ ಹಿಡಿಯಲು ಆಗುತ್ತಿಲ್ಲ. ಬೆರಳಲ್ಲಿ ಸ್ಪರ್ಶವಿಲ್ಲ. ಅದಕ್ಕೇ ರಫೂ ನಾನು ಹಾಕುತ್ತೇನೆ, ಅವಳು ಪಕ್ಕದಲ್ಲಿ ಕೂತು, "ಅಯ್ಯೋ, ಗೋಣಿಚೀಲ ಹೊಲಿತಿದ್ದೀರಾ?" ಎಂದು ನನ್ನ ಮರ್ಯಾದೆ ತೆಗೆಯುತ್ತಾಳೆ. ಮನೆ ಮತ್ತೆ ಮನೆಯ ಹಾಗಿದೆ.

ಈ ಕಾಗದದ ಜೊತೆ ಒಂದು ಪಾರ್ಸೆಲ್ ಇದೆ. ಹೋದ ಸಲ ಬಂದಾಗ ತೋಳು ಹರಿದಿದೆಯೆಂದು ನೀನು ಬಿಟ್ಟುಹೋದ ಬೂದು ಕೋಟು. ತೋಳು ಹೊಲಿದಿದ್ದೇನೆ. ಬಲಗಡೆಯ ಜೇಬನ್ನೂ ಬದಲಾಯಿಸಿದ್ದೇನೆ.

ಅದು ನಿನ್ನ ಅಮ್ಮನ ಕೋಟಿನ ಜೇಬು.

ಹುಳು ತಿನ್ನುವುದು ಉಣ್ಣೆಯನ್ನು, ಜೇಬಿನ ಒಳಗಿನ ಹತ್ತಿಬಟ್ಟೆಯನ್ನಲ್ಲ. ಆವತ್ತು ಹಿತ್ತಲಿಗೆ ಹೋದವನು ಬೆಂಕಿ ಹಚ್ಚುವ ಮೊದಲು ಜೇಬಿನ ಹೊಲಿಗೆ ಬಿಚ್ಚಿಕೊಂಡೆ. ಕುದಿಯುವ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಹೊಡೆದು ಮೆಷಿನ್ನಿನ ಡ್ರಾಯರಿನಲ್ಲಿ ನೂಲಿನ ಉಂಡೆಗಳ ಕೆಳಗಿಟ್ಟೆ. ಇವಳಿಗೆ ಯಾಕೆ ಹೇಳಲಿಲ್ಲ ಎನ್ನುತ್ತೀಯಾ? ಕಟ್ಟಿದವನೇ ಕತ್ತರಿಸಿದ ಎಂದು ಗೊತ್ತಾಗಿದ್ದರೆ ಆಮೇಲೆ ನನ್ನ ಕೆಂಪು ದಾರಕ್ಕೆ ಅವಳು ಮೂರು ಕಾಸಿನ ಮರ್ಯಾದೆ ಕೊಡುತ್ತಿದ್ದಳೇ? ನಿನಗೆ ಕೊಡಬೇಕೆಂದು ಎಷ್ಟೋ ಸಲ ತೆಗೆದೆ. ನೀನು ಅದರ ಮಾತೇ ಎತ್ತುತ್ತಿರಲಿಲ್ಲ. ಗಾಯ ಕೆದಕಿದ ಹಾಗಾಗುತ್ತದೆಂದು ಹೆದರಿ ಮತ್ತೆ ಒಳಗಿಡುತ್ತಿದ್ದೆ. ನೀನು ಅತ್ತೆಗೆ ಬರೆದ ಕಾಗದವನ್ನು ಅವಳು ಮೊನ್ನೆ, ಸ್ಕ್ಯಾನ್ ಆದ ಮೇಲೆ, ನನಗೆ ಓದಲು ಕೊಟ್ಟಳು. ಓದಿದವನೇ ಎದ್ದು ಡ್ರಾಯರು ಎಳೆದೆ.

ಜೇಬನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಜೋಮು ಹಿಡಿದ ಕೈ ಎಂದರೆ ನಂಬಬೇಡ, ಇನ್ನೂ ನೋಯುತ್ತಿದೆ.

ನಿನ್ನ ಮಾವ

*

ಮೇ ೨೩

ಅತ್ತೆ, ಮಾವ,

ಪಾರ್ಸೆಲ್ ಲ್ಯಾಬಿಗೇ ಬಂತು. ಮನೆಗೆ ಹೋಗುವವರೆಗೂ ತಡೆಯಲಾಗಲಿಲ್ಲ. ಕಾರಿಡಾರಿನಲ್ಲೇ ಕೋಟು ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತೆ. ನನ್ನ ಹತ್ತಿರ ಕಲಿಯುವ ಹುಡುಗಿಯೊಬ್ಬಳು ಬಂದು, "ಮೇಡಂ, ಏನಾಯ್ತು?" ಎಂದಳು. ಏನೂ ಇಲ್ಲವೆಂದು ಹೇಳಲು ಹೋಗಿ ಜೋರಾಗಿ ಅತ್ತುಬಿಟ್ಟೆ. ಅವಳೇ ಪಾಪ ನೀರು ತಂದುಕೊಟ್ಟಳು.

ಮಾವ, ನಿಮ್ಮ ಹೊಲಿಗೆ ನಿಜವಾಗಿಯೂ ಗೋಣಿಚೀಲದ್ದೇ. ಬಿಚ್ಚಿ ಸರಿ ಮಾಡಲು ಯಾರಿಗೂ ಬಿಡುವುದಿಲ್ಲ.

ರಜೆ ಬರೆದುಕೊಟ್ಟಿದ್ದೇನೆ. ಶನಿವಾರ ಬರುತ್ತೇನೆ, ಅತ್ತೆಯ ಮುಂದಿನ ಡ್ರಿಪ್ಪು ಮುಗಿಯುವವರೆಗೂ ಅಲ್ಲೇ ಇರುತ್ತೇನೆ. ಸೆಖೆಯಾದರೂ ಈ ಕೋಟು ಹಾಕಿಕೊಂಡೇ ಬರುತ್ತೇನೆ, ನಗಬೇಡಿ.

ಒಂದು ವಿಷಯ ಹೇಳಬೇಕು. ಆ ಜೇಬು ದೊಡ್ಡದಲ್ಲ ಅತ್ತೆ, ಸಣ್ಣದೇ. ಕೈ ಇಟ್ಟರೆ ಮಣಿಕಟ್ಟಿಗೆ ಸರಿಯಾಗಿ ನಿಲ್ಲುತ್ತದೆ. ನನ್ನ ಕೈ ಈಗ ಅಮ್ಮನ ಕೈಯಷ್ಟೇ ಆಗಿದೆ.

ನಿಮ್ಮ ಗುಂಡಿ